ಲಟ್ಟಣಿಗೆ ಕಂಬದ ದೇವಾಲಯ

ಚಪಾತಿ ಹಿಟ್ಟಿಗೆ ಹಿನೋಕಿ ಮರದ ವಾಸನೆ ಹತ್ತುವ ಮನೆ ಈ ಭೂಮಿಯ ಮೇಲೆ ನಮ್ಮದೊಂದೇ ಇರಬೇಕು. ಜಪಾನಿನವರು ಗುಡಿಗೂ ಬಳಸುವ, ಬಚ್ಚಲ ತೊಟ್ಟಿಗೂ ಬಳಸುವ ಮರ ಅದು. ನಮ್ಮ ಲಟ್ಟಣಿಗೆ ಆ ಮರದ್ದು. ಒದ್ದೆ ಕೈ ಸೋಕಿದರೆ ಸಾಕು, ನಿಂಬೆ ಸಿಪ್ಪೆಗೆ ಚೂರು ಕರ್ಪೂರ ಸೇರಿಸಿ ಅರೆದಂಥ ಘಮ ಏಳುತ್ತದೆ. "ಇವತ್ತು ಚಪಾತಿನಾ, ಸೋಪಾ?" ಎಂದು ನನ್ನ ಗಂಡ ರಘು ವಾರಕ್ಕೊಮ್ಮೆಯಾದರೂ ಕೇಳುತ್ತಾನೆ. ಕೇಳಲಿ, ತಿನ್ನುವುದನ್ನಂತೂ ಬಿಟ್ಟಿಲ್ಲ. ನನಗೆ ಮಾತ್ರ ಆ ವಾಸನೆ ಮೂಗಿಗೆ ಬಡಿದ ಕೂಡಲೇ ಜಪಾನಿನ ಕಾಶಿವಾ ಊರಿನ ಆ ಒಂದು ಶರತ್ಕಾಲ ಕಣ್ಣಮುಂದೆ ಬಂದು ನಿಲ್ಲುತ್ತದೆ. ಹಿಂದೆ ಯಾವಾಗಲೋ ಇಸ್ರೇಲಿನ ರಾಜನೊಬ್ಬ ಕಟ್ಟಿಸಿದ ದೇವಾಲಯವನ್ನು ಮೈಸೂರಿನವರಾದ ನಾವು ನಮ್ಮ ಬಾಡಿಗೆ ಮನೆಯಲ್ಲಿ ಪೂರ್ತಿ ಮಾಡಿ, ಪ್ರತಿಷ್ಠೆಯನ್ನೂ ಮುಗಿಸಿದ ಶರತ್ಕಾಲ ಅದು.

ಆಗ ನಾವು ಕಾಶಿವಾಕ್ಕೆ ಬಂದು ಕೆಲವು ವರ್ಷಗಳಾಗಿದ್ದವು. ರಘುಗೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ. ಲೋಹಗಳು ಹೇಗೆ ತುಕ್ಕು ಹಿಡಿಯುತ್ತವೆ ಎಂದು ನೋಡುತ್ತಾ ಕೂರುವುದಕ್ಕೆ ಅವನಿಗೆ ಸಂಬಳ ಕೊಡುತ್ತಾರೆ. ನನಗೆ ಶಿನಾಗಾವಾದ ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್, ಅಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವ ಕೆಲಸ. ಅದಕ್ಕೂ ಸಂಬಳ ಕೊಡುತ್ತಾರೆ ಎಂದು ಗೊತ್ತಾದಾಗ ನಮ್ಮತ್ತೆಗೆ ಆಶ್ಚರ್ಯವಾಗಿತ್ತು. ಮಗಳು ಇಂಚರ ನಾಲ್ಕನೇ ಕ್ಲಾಸು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೋ ಜಪಾನಿಯಲ್ಲೋ. ನಮ್ಮ ಕೆಳಗಿನ ಮನೆಯಲ್ಲಿ ಹಯಾಶಿ ಸಾನ್, ಅಂದರೆ ಹಯಾಶಿಯವರು, ಎಪ್ಪತ್ತು ದಾಟಿದ, ಗಂಡನನ್ನು ಕಳೆದುಕೊಂಡಿದ್ದ ಸಣ್ಣ ಆಕೃತಿಯ ಹೆಂಗಸು. ಅವರಿಗೂ ನಮಗೂ ಇದ್ದ ಸಂಬಂಧ ಮೆಟ್ಟಿಲ ಮೇಲೆ ತಲೆಬಾಗುವುದು, ಉಳಿದ ಹೊತ್ತೆಲ್ಲ ಹೆದರುವುದು. ಜಪಾನಿನಲ್ಲಿರುವ ನಮ್ಮವರಿಗೆಲ್ಲ ಇರುವ ಹೆದರಿಕೆಯೇ ಅದು: ಕೆಳಗಿನವರು ಸದ್ದಿನ ಬಗ್ಗೆ ಕಂಪ್ಲೇಂಟ್ ಮಾಡಿಬಿಟ್ಟರೆ? ನಾನಂತೂ ಮಿಕ್ಸಿಯ ಕೆಳಗೆ ಕಂಬಳಿ ಮಡಿಸಿ ಹಾಕಿ ಚಟ್ನಿ ರುಬ್ಬುತ್ತಿದ್ದೆ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಹಿಂದಿನ ರಾತ್ರಿಯ ಚಂಡಮಾರುತ ಹೋಗಿ ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಕಸ ಹಾಕಲು ಕೆಳಗಿಳಿದೆ. ಇಲ್ಲಿ ದೊಡ್ಡ ಸಾಮಾನನ್ನು ಸುಮ್ಮನೆ ಎಸೆಯುವಂತಿಲ್ಲ. ಫೋನ್ ಮಾಡಿ ದಿನ ಗೊತ್ತುಮಾಡಿಕೊಂಡು, ಸ್ಟಿಕ್ಕರ್ ತಂದು ಅಂಟಿಸಿ, ಆ ದಿನವೇ ಹೊರಗಿಡಬೇಕು. ಅಲ್ಲಿ ಒಂದು ಮುರುಕು ಕುರ್ಚಿಯ ಪಕ್ಕದಲ್ಲಿ, ಬೆನ್ನಿಗೆ ಸ್ಟಿಕ್ಕರ್ ಅಂಟಿಸಿಕೊಂಡು, ಹಾರ್ಮೋನಿಯಂ ಪೆಟ್ಟಿಗೆಯಷ್ಟು ದೊಡ್ಡ ಮರದ ಕಟ್ಟಡವೊಂದು ಕೂತಿತ್ತು. ಛಾವಣಿ ಇಲ್ಲ, ಬಾಗಿಲೂ ಇಲ್ಲ. ಆದರೆ ಗೋಡೆಗಳ ಹೊಂದಿಕೆ ನೋಡಬೇಕು, ಒಂದು ಮೊಳೆಯಿಲ್ಲ, ಕೂದಲು ತೂರುವಷ್ಟೂ ಸಂದಿಲ್ಲ. ಬಗ್ಗಿ ಒಳಗೆ ನೋಡಿದೆ. ಉದ್ದನೆಯ ಹಜಾರ, ಅದರಾಚೆ ಚೌಕಾಕಾರದ ಪುಟ್ಟ ಕೋಣೆ. ಮೈಸೂರಿನವಳಿಗೆ ಅದೇನೆಂದು ಯಾರೂ ಹೇಳಬೇಕಿಲ್ಲ. ಗರ್ಭಗುಡಿ! ಯಾರದೋ ದೇವಸ್ಥಾನವನ್ನು ಕಸಕ್ಕೆ ಹಾಕಿದ್ದಾರೆ.

ಸ್ಟಿಕ್ಕರಿನ ಮೇಲಿದ್ದ ಹೆಸರು ಹಯಾಶಿ. ಕೈಲಿದ್ದ ಕಸದ ಚೀಲವನ್ನೂ ಮರೆತು ಓಡಿ ಹೋಗಿ ಅವರ ಬೆಲ್ ಒತ್ತಿದೆ.

"ಸುಮಿಮಾಸೆನ್, ಹಯಾಶಿ ಸಾನ್, ಕೆಳಗಿರೋದು... ಅದು ದೇವಸ್ಥಾನ ಅಲ್ವಾ?" ಎಂದು ಕ್ಷಮೆ ಕೋರುತ್ತಲೇ ನನ್ನ ಆಫೀಸು ಜಪಾನಿಯಲ್ಲಿ ಹೇಗೋ ಕೇಳಿದೆ.

ಅವರು ನನ್ನನ್ನೂ ನನ್ನ ಕಸದ ಚೀಲವನ್ನೂ ನೋಡಿದರು. ಆಮೇಲೆ ನನಗೆ ಅರ್ಥವಾಗಲೆಂದು ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದರು. ಅದು ಜೆರುಸಲೇಮಿನಲ್ಲಿ ಸೊಲೊಮೋನ ರಾಜ ಕಟ್ಟಿಸಿದ ದೇವಾಲಯ. ಸ್ಟೇಷನ್ನಿನ ಹತ್ತಿರದ ಅವರ ಪುಟ್ಟ ಚರ್ಚಿನ ಮಕ್ಕಳಿಗೆ ತೋರಿಸಲೆಂದು ಅವರ ಗಂಡ ವರ್ಷಗಟ್ಟಲೆ ಕೂತು ಮಾಡುತ್ತಿದ್ದರು. ಹೋದ ವರ್ಷ ಅವರ ಹೃದಯ ನಿಂತಿತು. ಚರ್ಚಿನಲ್ಲಿ ಈಗ ಮಕ್ಕಳೇ ಇಲ್ಲ. ತಾನೂ ಈ ಶರತ್ಕಾಲ ಮುಗಿಯುವುದರೊಳಗೆ ಒಸಾಕಾದ ಮಗಳ ಮನೆಗೆ ಹೋಗುವವಳು, ಅಲ್ಲಿ ಜಾಗ ಚಿಕ್ಕದು.

"ಮುಗಿದಿದ್ದರೆ ಯಾರಿಗಾದರೂ ಕೊಡಬಹುದಿತ್ತು," ಎಂದರು. "ಮುಗಿಯದ ಮನೆಯನ್ನ ಯಾರಿಗೆ ಅಂತ ಕೊಡಲಿ? ನೋಡಿದಾಗೆಲ್ಲ ಅವರು ಅರ್ಧಕ್ಕೇ ಎದ್ದು ಹೋದರು ಅನ್ನಿಸುತ್ತೆ. ನನಗೆ ನೋಡೋಕೆ ಆಗಲ್ಲ."

"ನಾವು ಮುಗಿಸ್ತೀವಿ," ಎಂದುಬಿಟ್ಟೆ. ಯೋಚನೆ ಬಂದದ್ದು ಆಮೇಲೆ. "ನಮ್ಮ ದಸರಾಕ್ಕೆ ಗೊಂಬೆ ಕೂರಿಸ್ತೀವಲ್ಲ, ಅದರ ಜೊತೆ ಇಡ್ತೀವಿ."

ದಸರಾ ಗೊಂಬೆಯನ್ನು ಜಪಾನಿನವರಿಗೆ ವಿವರಿಸುವುದು ಬಹಳ ಸುಲಭ. ಅವರಿಗೂ ವಸಂತದಲ್ಲಿ ಹಿನಾ ಗೊಂಬೆ ಹಬ್ಬವಿದೆ. ಅದೇ ಮೆಟ್ಟಿಲು, ಅದೇ ಕೆಂಪು ಬಟ್ಟೆ, ಮೇಲೆ ರಾಜ ರಾಣಿ. ಹಯಾಶಿ ಸಾನ್ ಹುಬ್ಬೇರಿಸಿದರು, ಒಪ್ಪಿದರು ಕೂಡ. ಆದರೆ ನನ್ನೆದುರೇ ಕಸದವರಿಗೆ ಫೋನ್ ಮಾಡಿ, ದಿನವನ್ನು ವಿಜಯದಶಮಿಯ ಮರುದಿನಕ್ಕೆ ಬದಲಾಯಿಸಿದರು. "ಹಬ್ಬದವರೆಗೆ ಮಾತ್ರ. ಆಮೇಲೆ ನಿಮಗೆ ತೊಂದರೆ ಬೇಡ, ಅವರು ಬಂದು ತಗೊಂಡು ಹೋಗ್ತಾರೆ." ಸ್ಟಿಕ್ಕರ್ ಬೆನ್ನ ಮೇಲೆ ಹಾಗೇ ಉಳಿಯಿತು.

ಸಂಜೆ ರಘು ಮನೆಗೆ ಬಂದು, ಹಾಲಿನ ಮಧ್ಯೆ ಕೂತಿದ್ದ ಜೆರುಸಲೇಮನ್ನು ನೋಡಿ ಬ್ಯಾಗನ್ನು ಇಳಿಸುವುದನ್ನೇ ಮರೆತ.

"ನಿಂಗೆ ಬುದ್ಧಿ ಇದ್ಯೇನೆ? ಗೊಂಬೆ ಡಬ್ಬಗಳಿಗೇ ಕಪಾಟಲ್ಲಿ ಜಾಗ ಇಲ್ಲ. ಹಬ್ಬ ಆದ್ಮೇಲೆ ಇದನ್ನ ಎಲ್ಲಿಡ್ತೀಯಾ, ನನ್ನ ತಲೆ ಮೇಲಾ?"

"ಅಲ್ಲಿ ಜಾಗ ಬೇಕಾದಷ್ಟಿದೆ, ಜಾರುತ್ತೆ ಅಷ್ಟೆ," ಎಂದೆ. ಇಂಚರ ಕಿಸಕ್ಕನೆ ನಕ್ಕಳು. ರಘುವಿನ ಕೂದಲಿನ ವಿಷಯ ನಮ್ಮನೆಯಲ್ಲಿ ಸೂಕ್ಷ್ಮವಾದದ್ದು.

ಆದರೆ ಅವನು ಒಳ್ಳೆಯವನು, ಬೈದುಕೊಂಡೇ ಕೆಲಸ ಮಾಡುತ್ತಾನೆ. ಮುಂದಿನ ಶನಿವಾರ ಛಾವಣಿಯ ಹಲಗೆಗಳನ್ನು ಜೋಡಿಸಿ, ಮೊಳೆ ಇಟ್ಟು, ಸುತ್ತಿಗೆ ಎತ್ತಿ ಟಕ ಟಕ ಎಂದು ಶುರುಮಾಡಿದ. ನಾಲ್ಕು ಏಟು ಬಿದ್ದಿರಬೇಕು, ಬೆಲ್ ಆಯಿತು. ಬಾಗಿಲಲ್ಲಿ ಹಯಾಶಿ ಸಾನ್. ಮುಖ ಬಿಳಿಚಿತ್ತು.

"ಸುಮಿಮಾಸೆನ್," ಎಂದು ಬಗ್ಗಿದರು. "ದಯವಿಟ್ಟು... ಸುತ್ತಿಗೆ ಮಾತ್ರ ಬೇಡ. ಈ ಮನೆಗೆ ಸುತ್ತಿಗೆ ಸದ್ದು ಬೇಡ."

ಇಷ್ಟು ವರ್ಷ ಯಾವುದಕ್ಕೆ ಹೆದರಿದ್ದೆನೋ ಅದೇ ಬಂದು ಬಾಗಿಲಲ್ಲಿ ನಿಂತಿತ್ತು. ಅವರು ಒಂದು ಸಲ ಬಗ್ಗಿದರೆ ನಾನು ಮೂರು ಸಲ ಬಗ್ಗಿದೆ. ರಘು ಒಳಗಿಂದ ಸುತ್ತಿಗೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೇ ಬಗ್ಗಿದ. ಅವರು ಇನ್ನೂ ಏನೋ ಹೇಳಹೊರಟಿದ್ದರು, ನಮ್ಮ ಕ್ಷಮಾಪಣೆಯ ಭರಾಟೆಗೆ ಸಿಕ್ಕಿ ಅರ್ಧಕ್ಕೇ ಸುಮ್ಮನಾಗಿ ಇಳಿದು ಹೋದರು.

ಮಾರನೆಯ ದಿನ ಡಬ್ಬಿ ತುಂಬ ಮೈಸೂರು ಪಾಕ್ ಮಾಡಿ ತಪ್ಪೊಪ್ಪಿಗೆಗೆ ಹೋದೆ. ಅವರು ಯಾಕೆಂದು ಅರ್ಥವಾಗದೆ ಕಣ್ಣುಬಿಟ್ಟರು, ಆದರೂ ತೆಗೆದುಕೊಂಡರು. ಎರಡು ದಿನ ಬಿಟ್ಟು ಡಬ್ಬಿಯ ತುಂಬ ಪೇರ್ ಹಣ್ಣು ಬಂತು. ಖಾಲಿ ಡಬ್ಬಿ ವಾಪಸ್ ಕೊಡಬಾರದೆನ್ನುವುದು ಮೈಸೂರಿನಲ್ಲೂ ಇದೆ, ಕಾಶಿವಾದಲ್ಲೂ ಇದೆ ಎಂದು ಆಗ ಗೊತ್ತಾಯಿತು. ನಾನು ಚಕ್ಕುಲಿ ತುಂಬಿ ಕಳಿಸಿದೆ, ಅವರು ಹುರಿಗಾಳು ತುಂಬಿ ಕಳಿಸಿದರು. ಡಬ್ಬಿ ಮೆಟ್ಟಿಲು ಹತ್ತಿ ಇಳಿದು ಸುಸ್ತಾಯಿತು, ಗುಡಿಯ ಕೆಲಸ ಮಾತ್ರ ನಿಂತೇ ಹೋಯಿತು. ಮನೆಯಲ್ಲಿ ನಾವು ತುದಿಗಾಲಲ್ಲಿ ಓಡಾಡುತ್ತಿದ್ದೆವು. ಸೀನು ಬಂದರೆ ರಘು ದಿಂಬು ಹುಡುಕುತ್ತಿದ್ದ.

ಗಂಟು ಬಿಡಿಸಿದವಳು ಇಂಚರ. ಮಕ್ಕಳಿಗೆ ಕೇಳುವುದಕ್ಕೆ ಸಂಕೋಚವಿಲ್ಲ. ಒಂದು ಸಂಜೆ ಸ್ಕೂಲಿಂದ ಬರುತ್ತಾ ಹಯಾಶಿ ಸಾನ್ ಕೈ ಹಿಡಿದು ಮೇಲಕ್ಕೇ ಕರೆತಂದಳು.

"ಅಮ್ಮಾ, ಶೀ ವಾಸ್ ನಾಟ್ ಕಂಪ್ಲೇನಿಂಗ್! ಇಟ್ಸ್ ಇನ್ ದ ಸ್ಟೋರಿ!"

ಕಥೆಯಲ್ಲಿ ಹಾಗಿದೆಯಂತೆ. ಆ ದೇವಾಲಯಕ್ಕೆ ಕಲ್ಲುಗಳನ್ನು ಗಣಿಯಲ್ಲೇ ಕಡೆದು, ಅಳತೆಗೆ ಸರಿಮಾಡಿ ತರುತ್ತಿದ್ದರು. ಕಟ್ಟುವ ಜಾಗದಲ್ಲಿ ಸುತ್ತಿಗೆಯ ಸದ್ದಾಗಲಿ, ಕೊಡಲಿಯ ಸದ್ದಾಗಲಿ, ಯಾವ ಕಬ್ಬಿಣದ ಸದ್ದೂ ಕೇಳಿಸಲಿಲ್ಲ. ಹಯಾಶಿ ಸಾನ್ ಗಂಡನೂ ಹಾಗೇ ಮಾಡಿದ್ದರು. ತೆಗಾ ಸರೋವರದ ದಂಡೆಯ ಬೆಂಚಿನ ಮೇಲೆ ಮರ ಕೊಯ್ದು, ಮನೆಗೆ ತಂದು ಸದ್ದಿಲ್ಲದೆ ಒಂದಕ್ಕೊಂದು ಕೂರಿಸುತ್ತಿದ್ದರು. ಮೇಲೆ ನಾವು ನಾಲ್ಕು ಏಟು ಹಾಕಿದಾಗ ಆಕೆಗೆ ಎದೆಗೇ ಬಿದ್ದ ಹಾಗಾಗಿತ್ತು.

"ಅಯ್ಯೋ, ಸದ್ದಿಂದ ನಿಮಗೆ ತೊಂದರೆ ಆಯ್ತು ಅಂದ್ಕೊಂಡ್ವಿ," ಎಂದೆ.

"ಸದ್ದಾ? ನನಗೆ ಕಿವಿ ಅಷ್ಟು ಕೇಳಿಸಲ್ಲ," ಎಂದರು ಅವರು. "ಆವತ್ತು ಮೇಲಿನ ಸೂರು ಅದುರಿತು, ಅದಕ್ಕೆ ಗೊತ್ತಾಯ್ತು."

ಕಂಬಳಿಯ ಮೇಲೆ ಮಿಕ್ಸಿ ಇಟ್ಟು ಚಟ್ನಿ ರುಬ್ಬಿದ ನನ್ನ ಅಷ್ಟು ವರ್ಷಗಳು ಕಣ್ಣಮುಂದೆ ಹಾದುಹೋದವು. ರಘು ನಗು ತಡೆಯಲಾಗದೆ ಬಾತ್‌ರೂಮಿಗೆ ಓಡಿದ.

ಅಲ್ಲಿಂದಾಚೆ ಭಾನುವಾರಗಳೆಲ್ಲ ಸರೋವರದ ದಂಡೆಗೇ ಮೀಸಲಾದವು. ಕೆಂಪು ಹಿಗನ್‌ಬಾನಾ ಹೂಗಳು ಎಲೆಯಿಲ್ಲದ ಕಡ್ಡಿಗಳ ಮೇಲೆ ಸಾಲಾಗಿ ಅರಳಿದ್ದವು. ಬಿಸಿಲಿಗೆ ಬಿಸಿಯಿರಲಿಲ್ಲ. ರಘು ಬೆಂಚಿಗೆ ಮರ ಆನಿಸಿ ಗರಗಸ ಎಳೆಯುತ್ತಿದ್ದ, ಓಡಲು ಬಂದವರು ನಿಂತು ನೋಡಿ ತಲೆಬಾಗಿ ಮುಂದೆ ಓಡುತ್ತಿದ್ದರು. ಹಯಾಶಿ ಸಾನ್ ಫ್ಲಾಸ್ಕಿನಲ್ಲಿ ಬಾರ್ಲಿ ಟೀ ತರುತ್ತಿದ್ದರು. ಮೊದಲ ವಾರ ಅವರು ಸರೋವರದ ಕಡೆ ಮುಖ ಮಾಡಿ ಕೂತರು, ಗರಗಸದ ಕಡೆ ನೋಡಲಿಲ್ಲ. ಎರಡನೆಯ ವಾರ, "ರಘು ಸಾನ್, ಎಳೆಯುವಾಗ ಮಾತ್ರ ಒತ್ತಬೇಕು, ತಳ್ಳುವಾಗ ಅಲ್ಲ. ಅವರು ಹಾಗೆ ಹೇಳ್ತಿದ್ದರು," ಎಂದರು. ಮರದ ಪುಡಿಯ ವಾಸನೆ ಗಾಳಿಗೆ ಹಾರಿದಾಗ ಕಣ್ಣು ಮುಚ್ಚಿ ಉಸಿರೆಳೆದುಕೊಂಡದ್ದನ್ನು ನಾನು ಕಂಡೆ.

ಛಾವಣಿ ಕೂತಿತು, ಬಾಗಿಲೂ ಆಯಿತು. ಉಳಿದದ್ದು ಮುಂಭಾಗದ ಎರಡು ತಾಮ್ರದ ಕಂಬ. ಅಷ್ಟು ದುಂಡನೆಯ ಮರ ಎಲ್ಲಿಂದ ತರುವುದು? ಒಂದು ದಿನ ನಾನು ಚಪಾತಿ ಲಟ್ಟಿಸುತ್ತಿದ್ದಾಗ ರಘು ನನ್ನ ಕೈಯನ್ನೇ ದಿಟ್ಟಿಸಿ ನೋಡುತ್ತಾ ನಿಂತ. ಮದುವೆಯಾಗಿ ಇಷ್ಟು ವರ್ಷದ ಮೇಲೆ ಇದೇನು ಪ್ರೀತಿ ಉಕ್ಕಿತು ಎಂದುಕೊಂಡೆ. ಅವನು ನೋಡುತ್ತಿದ್ದದ್ದು ಲಟ್ಟಣಿಗೆಯನ್ನು.

"ಇದು ನಮ್ಮಮ್ಮ ಕೊಟ್ಟಿದ್ದು ಕಣೋ!"

"ಇನ್ನೊಂದು ಬೇಕಲ್ಲ, ವೀಣನ ಹತ್ರ ಇರುತ್ತಾ?" ಎಂದ ಅವನು, ನನ್ನ ಮಾತು ಕಿವಿಗೇ ಬೀಳದವನಂತೆ.

ವೀಣಾ ನನ್ನ ಆಫೀಸಿನ ಗೆಳತಿ, ಬಸವನಗುಡಿಯವಳು. ಕೇಳಿದ್ದಕ್ಕೆ, "ತಗೊಳ್ಳೇ, ನಾನಂತೂ ಕೊಂಬಿನಿ ಅಂಗಡಿ ಊಟದಲ್ಲೇ ಬದುಕ್ತಿದೀನಿ. ನನ್ನ ಲಟ್ಟಣಿಗೆಯಾದ್ರೂ ದೇವಸ್ಥಾನ ಸೇರ್ಲಿ," ಎಂದಳು. ಎರಡರ ಹಿಡಿಗಳನ್ನೂ ಸರೋವರದ ದಂಡೆಯಲ್ಲಿ ಕೊಯ್ದು, ತಾಮ್ರದ ಬಣ್ಣ ಬಳಿದೆವು. ಕಂಬದ ತಲೆಗೆ ದಾಳಿಂಬೆಯ ಸಾಲು ಬೇಕೆಂದಿತ್ತು. ಇಂಚರ ಕೆಂಪು ಅಝುಕಿ ಕಾಳುಗಳನ್ನು ಅಂಟಿಸಿದಳು. ಅಂಗಳದಲ್ಲಿ ಹನ್ನೆರಡು ಎತ್ತುಗಳ ಬೆನ್ನ ಮೇಲೆ ಒಂದು ದೊಡ್ಡ ನೀರಿನ ಕೊಪ್ಪರಿಗೆ ಇತ್ತಂತೆ. "ನೋಡು, ಅಲ್ಲೂ ಬಸವಣ್ಣ ಇದ್ದಾನೆ!" ಎಂದು ನಾನು ಕುಣಿದೆ. ನಮ್ಮ ಗೊಂಬೆಗಳಲ್ಲಿದ್ದ ಬಸವಗಳು ಸಾಲದೆ ಇಂಚರಳ ಪ್ಲಾಸ್ಟಿಕ್ ಹಸುಗಳಿಗೂ ಬಡ್ತಿ ಸಿಕ್ಕಿತು. ಕೊಪ್ಪರಿಗೆಯಾದದ್ದು ನನ್ನ ಅರಿಸಿನ ಕುಂಕುಮದ ಹಿತ್ತಾಳೆ ಬಟ್ಟಲು.

ಒಂದೇ ವಿಷಯ ನನಗೆ ಹಿಡಿಸಲಿಲ್ಲ. ಗರ್ಭಗುಡಿ ಖಾಲಿ. ಅಂಗೈಯಗಲದ ನಮ್ಮ ಹಿತ್ತಾಳೆ ಗಣಪನನ್ನು ಒಳಗೆ ಕೂರಿಸಹೊರಟಾಗ ಇಂಚರ ಕೈ ಅಡ್ಡ ಹಿಡಿದಳು. "ದಮೇ, ಅಮ್ಮ!" ಬೇಡ ಎಂದರೆ ಬೇಡ. ಪಾಪ ಗಣಪನಿಗೆ ಮುಂದೆ ಹಬ್ಬದಲ್ಲಿ ಕೆಳಗಿನ ಮೆಟ್ಟಿಲೇ ಗತಿಯಾಯಿತು. ನಾನು ಹಯಾಶಿ ಸಾನ್ ಅವರನ್ನೇ ಕೇಳಿದೆ: "ಒಳಗೆ ಯಾರೂ ಇಲ್ವಾ?"

"ಒಂದು ಪೆಟ್ಟಿಗೆ, ಅದರಲ್ಲಿ ಎರಡು ಕಲ್ಲು, ಕಲ್ಲಿನ ಮೇಲೆ ಮಾತು," ಎಂದರು. "ಆಕಾಶಕ್ಕೇ ಹಿಡಿಸದವನು ಈ ಮನೆಗೆ ಹಿಡಿಸ್ತಾನಾ ಅಂತ ಕಟ್ಟಿಸಿದ ರಾಜನೇ ಹೇಳಿದ. ಪ್ರತಿಷ್ಠೆಯ ದಿನ ಅವನು ಇನ್ನೊಂದು ಬೇಡಿಕೊಂಡ. ದೂರದ ದೇಶದಿಂದ ಬಂದ ಪರದೇಶಿ ಒಬ್ಬ ಈ ಮನೆಯ ಕಡೆ ಮುಖ ಮಾಡಿ ಪ್ರಾರ್ಥನೆ ಮಾಡಿದರೆ, ಅವನದ್ದೂ ಕೇಳು ಅಂತ. ನೀವು ಬೆಲ್ ಒತ್ತಿದ ದಿನ ನನಗೆ ಅದೇ ನೆನಪಾಯ್ತು."

ಪರದೇಶಿ ಎನ್ನುವುದನ್ನು ನಮ್ಮಲ್ಲಿ ಬೈಗುಳದ ಹಾಗೆ ಆಡುತ್ತಾರೆ. ಅಂಥವಳಿಗೂ ಒಂದು ಪಾಲು ಬೇಡಿಕೊಂಡ ರಾಜನ ಮೇಲೆ ನನಗೆ ಪ್ರೀತಿಯೇ ಬಂದುಬಿಟ್ಟಿತು. ಆ ಧೈರ್ಯದಲ್ಲಿ ಕೇಳಿದೆ: "ಹಾಗಾದ್ರೆ ಇದನ್ನ ಒಸಾಕಾಕ್ಕೆ ತಗೊಂಡು ಹೋಗ್ತೀರಿ ಅಲ್ವಾ?"

ಅವರು ಮೆತ್ತಗೆ ತಲೆಯಾಡಿಸಿದರು. "ಮಗಳಿಗೆ ತೊಂದರೆ ಆಗುತ್ತೆ. ತುಂಬ ಉಪಕಾರವಾಯ್ತು. ಒಮ್ಮೆ ಪೂರ್ತಿಯಾಗಿ ನೋಡಿದರೆ ಅಷ್ಟೇ ಸಾಕು. ಕಸದ ಗಾಡಿ ಬರಲಿ."

ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಿಲ್ಲ. ಕಪಾಟಿನ ಜಾಗವನ್ನು ಟೇಪು ಹಿಡಿದು ಮತ್ತೆ ಮತ್ತೆ ಅಳೆದೆ. ಎಷ್ಟು ಅಳೆದರೂ ಅದು ಹಿಗ್ಗಲಿಲ್ಲ. ರಘು ತನ್ನ ಚಳಿಗಾಲದ ಬಟ್ಟೆಗಳ ಪೆಟ್ಟಿಗೆಯನ್ನು ಹೊರಗೆಳೆದ. ಆದರೂ ಗುಡಿಗೆ ಜಾಗ ಸಾಲಲಿಲ್ಲ.

ದಸರಾ ಬಂತು. ಊರೆಲ್ಲ ಕಿನ್‌ಮೊಕುಸೇ ಹೂವಿನ ಸಿಹಿ ವಾಸನೆ. ಹಾಲಿನಲ್ಲಿ ಮೆಟ್ಟಿಲು ಕಟ್ಟಿ ಮೇಲೆ ಪಟ್ಟದ ಗೊಂಬೆಗಳನ್ನು ಕೂರಿಸಿ, ನಡುವಿನ ಅಗಲ ಮೆಟ್ಟಿಲಲ್ಲಿ ದೇವಾಲಯವನ್ನು ಇಟ್ಟೆವು. ಹಯಾಶಿ ಸಾನ್ ತಮ್ಮ ಹಿನಾ ಗೊಂಬೆಗಳಲ್ಲಿದ್ದ ಐವರು ವಾದ್ಯಗಾರರನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ತಂದರು. ಪ್ರತಿಷ್ಠೆಯ ದಿನ ಹಾಡುವವರು, ಊದುವವರು ಸಾಲಾಗಿ ನಿಂತಿದ್ದರಂತೆ. ಈ ಗೊಂಬೆಗಳನ್ನು ವಸಂತ ಬಿಟ್ಟು ಬೇರೆ ಕಾಲದಲ್ಲಿ ಹೊರಗಿಟ್ಟರೆ ಮಗಳ ಮದುವೆ ತಡವಾಗುತ್ತದೆ ಎನ್ನುವ ನಂಬಿಕೆ ಅವರಲ್ಲಿದೆ. "ನನ್ನ ಮಗಳಿಗೆ ಇಬ್ಬರು ಮಕ್ಕಳು, ಇನ್ನೇನು ಭಯ!" ಎಂದು ನಕ್ಕರು.

ವಿಜಯದಶಮಿಯ ಸಂಜೆ ಆರತಿ. ವೀಣಾ, ಇನ್ನೆರಡು ಕನ್ನಡದ ಕುಟುಂಬ, ಹಯಾಶಿ ಸಾನ್ ಮತ್ತು ಅವರ ಚರ್ಚಿನ ಇಬ್ಬರು ಗೆಳತಿಯರು. ಹಾಡುವ ಸದ್ದು ಅಕ್ಕಪಕ್ಕದವರಿಗೆ ಕೇಳಬಾರದೆಂದು ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿದ್ದೆ, ಆ ಚಾಳಿ ಹೋಗಿರಲಿಲ್ಲ. ಊರಿಂದ ತಂದ ಸಾಂಬ್ರಾಣಿಯ ಪ್ಯಾಕೆಟ್ ತಳ ಕಂಡಿತ್ತು. ಉಳಿದದ್ದನ್ನೆಲ್ಲ ಇವತ್ತೇ ಮುಗಿಸೋಣ ಎಂದು ಒಟ್ಟಿಗೇ ಹಚ್ಚಿ, ಬೇರೆಲ್ಲೂ ಜಾಗವಿಲ್ಲದೆ ದೇವಾಲಯದ ಹಿಂದೆ ಇಟ್ಟೆ.

ವೀಣಾ ಹಾಡಿದಳು. ಚರ್ಚಿನ ಗೆಳತಿಯರು ತಮ್ಮದೊಂದು ಹಾಡು ಹೇಳಿದರು. ನಾನು ಆರತಿ ಎತ್ತಿದೆ. ಆಗ ಸಾಂಬ್ರಾಣಿಯ ಹೊಗೆ ಹಿಂಬದಿಯ ಕಿಂಡಿಗಳಿಂದ ಒಳಹೊಕ್ಕು, ಗರ್ಭಗುಡಿ ತುಂಬಿ, ಹಜಾರ ತುಂಬಿ, ಎರಡು ಲಟ್ಟಣಿಗೆ ಕಂಬಗಳ ನಡುವಿನಿಂದ ಬೆಳ್ಳಗೆ ಹೊರಗೆ ಹರಿಯಿತು. ವಾದ್ಯಗಾರರು ಮುಚ್ಚಿಹೋದರು. ಬಸವಗಳು ಮುಚ್ಚಿಹೋದವು. ಹೊಗೆ ನೆತ್ತಿಗೇರಿತು. ಮರುಕ್ಷಣ ನಮ್ಮ ತಲೆಯ ಮೇಲಿನ ಛಾವಣಿಯಿಂದ ಹೆಣ್ಣು ದನಿಯೊಂದು ಕಿರುಚಿತು:

"ಕಾಜಿ ದೆಸು! ಕಾಜಿ ದೆಸು!"

ಬೆಂಕಿ, ಬೆಂಕಿ ಎನ್ನುವ ಅಲಾರಂ. ನನ್ನ ಕೈಯಲ್ಲಿದ್ದ ಆರತಿ ತಟ್ಟೆ ಬೀಳುವುದರಲ್ಲಿತ್ತು. ರಘು ಕೆಮ್ಮುತ್ತಾ "ಎಲ್ಲಾ ಹೊರಗ್ ನಡೀರಿ, ಹೊರಗೆ!" ಎಂದು ಕೂಗಿದ. ರೇಷ್ಮೆ ಸೀರೆ, ಪಂಚೆ, ಮಕ್ಕಳು, ಚರ್ಚಿನ ಅಜ್ಜಿಯರು ಎಲ್ಲರೂ ಬರಿಗಾಲಲ್ಲಿ ಹೊರಗಿನ ಓಣಿಗೆ ನುಗ್ಗಿದರು. ಪಕ್ಕದ ಮನೆಯವರ ಬಾಗಿಲುಗಳು ತೆರೆದುಕೊಂಡವು. ಇನ್ನು ಕಾಶಿವಾದಲ್ಲಿ ಮುಖ ತೋರಿಸುವ ಹಾಗಿಲ್ಲ ಎಂದು ನಾನು ಕಂಡಕಂಡವರಿಗೆ ಬಗ್ಗುತ್ತಾ ಸುಮಿಮಾಸೆನ್ ಸುರಿಸುತ್ತಿದ್ದೆ.

ಹಯಾಶಿ ಸಾನ್ ಮಾತ್ರ ಹೊಸ್ತಿಲಲ್ಲೇ ನಿಂತು ಒಳಗೆ ನೋಡುತ್ತಿದ್ದರು. ಅವರ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆ ಎಂದು ಓಡಿದೆ. ಅಳುತ್ತಲೂ ಇದ್ದರು, ನಗುತ್ತಲೂ ಇದ್ದರು. ಒಳಗೆ ಬೆರಳು ತೋರಿಸಿ ಏನೋ ಹೇಳಿದರು, ಕೆಮ್ಮು ನಗು ಎರಡೂ ಸೇರಿ ನನಗೆ ತಿಳಿಯಲಿಲ್ಲ. ಇಂಚರಳಿಗೆ ತಿಳಿಯಿತು. ಅವಳು ನನ್ನ ಸೆರಗು ಜಗ್ಗಿ, ಯಾವತ್ತೂ ಇಲ್ಲದ್ದು, ಕನ್ನಡದಲ್ಲೇ ಹೇಳಿದಳು:

"ಅಮ್ಮ, ಕಥೇಲೂ ಹಿಂಗೇ ಆಯ್ತಂತೆ. ದೇವಸ್ಥಾನ ಮುಗಿದಾಗ ಒಳಗೆಲ್ಲ ಮೋಡ ತುಂಬ್ಕೊಳ್ತಂತೆ. ಪೂಜೆ ಮಾಡೋರಿಗೂ ಒಳಗೆ ನಿಲ್ಲಕ್ಕೆ ಆಗ್ಲಿಲ್ವಂತೆ. ದೇವರು ಮನೆಗೆ ಬಂದ ಅಂತ ಹಂಗೇ ಗೊತ್ತಾಗಿದ್ದಂತೆ."

ಅಲಾರಂ ನಿಂತಿತು. ರಘು ಕುರ್ಚಿಯ ಮೇಲೆ ನಿಂತು ಅದನ್ನು ನಿಲ್ಲಿಸುವ ದಾರ ಹಿಡಿದುಕೊಂಡೇ ಇದ್ದ. ಹಯಾಶಿ ಸಾನ್ ಕಣ್ಣೊರೆಸಿಕೊಂಡು, ನಮಗಲ್ಲ, ಬೇರೆ ಯಾರಿಗೋ ಹೇಳುವವರಂತೆ ಒಂದೇ ಮಾತು ಹೇಳಿದರು. "ದೆಕಿಮಾಶಿತಾ ನೇ." ಮುಗೀತು, ಅಲ್ವಾ.

ಮಾರನೆಯ ಬೆಳಿಗ್ಗೆ ಕಸದ ಗಾಡಿ ಬರುವ ಹೊತ್ತಿಗೆ ಬೆಲ್ ಆಯಿತು. ನಾನು ಬಾಗಿಲಿಗೆ ಅಡ್ಡ ನಿಂತೆ, ಜಗಳಕ್ಕೇ ತಯಾರಾಗಿದ್ದೆ. ಹಯಾಶಿ ಸಾನ್ ನನ್ನನ್ನು ದಾಟಿ ಒಳಗೆ ಹೋಗಿ, ಮೊಣಕಾಲೂರಿ ಕೂತು ಸ್ಟಿಕ್ಕರ್ ಕೀಳತೊಡಗಿದರು. ಒಮ್ಮೆ ಅಂಟಿಸಿದರೆ ಚಿಂದಿಚಿಂದಿಯಾಗಿ ಬರುವ ಹಾಗೆ ಮಾಡಿರುತ್ತಾರೆ ಅದನ್ನು. ಅರ್ಧ ಬಂತು, ಅರ್ಧ ಹಾಗೇ ಉಳಿಯಿತು. "ಬೇಡ ಅಂತ ಫೋನ್ ಮಾಡಿದೆ," ಎಂದರು. "ಮಗಳಿಗೂ ಹೇಳಿದೆ. ಇಷ್ಟು ವರ್ಷದಲ್ಲಿ ಅವಳಿಗೆ ಕೊಡೋ ತೊಂದರೆ ಇದೊಂದೇ, ಪರವಾಗಿಲ್ಲ." ದೇವಾಲಯವನ್ನು ಒಸಾಕಾಕ್ಕೆ ತೆಗೆದುಕೊಂಡು ಹೋಗುವಾಗ ಐವರು ವಾದ್ಯಗಾರರನ್ನು ನಮ್ಮ ಮೆಟ್ಟಿಲ ಮೇಲೇ ಬಿಟ್ಟು ಹೋದರು.

ನಾನು ವರ್ಷದ ಕೊನೆಯವರೆಗೂ ಸಾಕೆ ಮದ್ಯದ ಬಾಟಲಿಯಲ್ಲಿ ಚಪಾತಿ ಲಟ್ಟಿಸಿದೆ. ಹೊಸ ವರ್ಷಕ್ಕೆ ಒಸಾಕಾದಿಂದ ಪಾರ್ಸೆಲ್ ಬಂತು. ಹಿನೋಕಿ ಮರದ ಎರಡು ಲಟ್ಟಣಿಗೆ, ಒಂದು ನನಗೆ, ಒಂದು ವೀಣಾಗೆ. ಖಾಲಿ ಡಬ್ಬಿ ವಾಪಸ್ ಕೊಡದವರಲ್ಲವೇ. ಜೊತೆಗೊಂದು ಫೋಟೋ. ಮಗಳ ಮನೆಯ ಬಾಗಿಲಲ್ಲಿ, ಚಪ್ಪಲಿ ಕಪಾಟಿನ ಮೇಲೆ ದೇವಾಲಯ. ಕಂಬಗಳಿಂದ ಅಝುಕಿ ಕಾಳು ಒಂದೂ ಉದುರಿಲ್ಲ.

ಒಸಾಕಾ ನಮಗೆ ಯಾವ ದಿಕ್ಕು ಎಂದು ಒಂದು ದಿನ ಇಂಚರಳನ್ನು ಕೇಳಿದೆ. ಅವಳು ಫೋನ್ ಹಿಡಿದು ಅಡುಗೆಮನೆಯಲ್ಲಿ ಒಂದು ಸುತ್ತು ತಿರುಗಿ, "ದೇರ್," ಎಂದು ಒಲೆಯ ಹಿಂದಿನ ಗೋಡೆ ತೋರಿಸಿದಳು. ಅಂದರೆ ದಿನಾ ಸಂಜೆ ಲಟ್ಟಣಿಗೆ ಹಿಡಿದು ನಿಂತಾಗ ನನ್ನ ಮುಖ ಇರುವುದು ಆ ಮನೆಯ ಕಡೆಗೇ.